ರುಮಾಲ ರಾಯನ ಮುಖದರ್ಶನ

ನಿವೃತ್ತಿಯಾದ ಮೇಲೆ ಮನುಷ್ಯನಿಗೆ ಸಿಟ್ಟು ಇಳಿಯುತ್ತದೆ ಎನ್ನುವವರು ಕಾಮಿಕ್ಸ್ ಓದುವವರಲ್ಲ. ನೀರಾವರಿ ಕಚೇರಿಯಲ್ಲಿದ್ದಾಗ ನನಗೆ ವಾರಕ್ಕೊಮ್ಮೆ ಬರುತ್ತಿದ್ದ ಸಿಟ್ಟು ಈಗ ದಿನಾ ಬರುತ್ತದೆ. ಖರೇ ಹೇಳುತ್ತೇನೆ, ಅದರಿಂದ ಮೈ ಪ್ರಕೃತಿ ಭಾಳ ಚಲೋ ಇದೆ.

ನಾವು ಮೂವರು ಸಾಲಿಯಲ್ಲಿ ಕೂಡಿ ಕಲಿತ ಗೆಳೆಯರು. ವಿಜಯಪುರದಲ್ಲಿ ನಾನು, ಬಬಲೇಶ್ವರದಲ್ಲಿ ನಿವೃತ್ತ ಮಾಸ್ತರ, ತಿಕೋಟಾದಲ್ಲಿ ದ್ರಾಕ್ಷಿ ತೋಟದವ. ಚಿಕ್ಕಂದಿನಿಂದ ನಮ್ಮ ಆರಾಧ್ಯ ದೈವ ಕಾಮಿಕ್ಸಿನ ರುಮಾಲ ರಾಯ. ಕುದುರೆ ಮೇಲೆ ಬರುತ್ತಾನೆ, ದರೋಡೆಕೋರರನ್ನು ಬಡಿಯುತ್ತಾನೆ, ಹೋಗುತ್ತಾನೆ. ಮುಖಕ್ಕೆ ಸುತ್ತಿದ ಕರಿ ರುಮಾಲನ್ನು ಯಾವ ಪುಸ್ತಕದಲ್ಲೂ ಬಿಚ್ಚಿದವನಲ್ಲ. "ಸಾಯೂದರೊಳಗ ಆ ಮಾರಿ ಒಮ್ಮೆ ಕಣ್ಣಾರೆ ನೋಡಬೇಕಲೇ" ಎನ್ನುವುದು ಮಾಸ್ತರನ ಜೀವಮಾನದ ಆಸೆ.

ಟವೆಲ್ಲಿನೊಳಗಿನ ಸಿನಿಮಾ

ಹೋದ ವರ್ಷ ರಾಯನ ಸಿನಿಮಾ ಬಂತು. ಮೂವರೂ ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆವು. ಮೊದಲ ಹಾಡಿಗೇ ನಾಯಕ ರುಮಾಲು ಕಿತ್ತೆಸೆದು ಹುಡುಗಿಯರ ನಡುವೆ ಕುಣಿಯತೊಡಗಿದ! ನಾನು ಎದ್ದು ನಿಂತು, "ಇಂವ ರಾಯ ಅಲ್ಲ! ಇಂವ ಯಾವನೋ ಮದವಿ ಬ್ಯಾಂಡಿನಾಂವ!" ಎಂದು ಕೂಗಿದೆ.

"ಪರದೆ ಕಾಣವಲ್ದು, ಕುಂದರ್ರೀ ಅಜ್ಜಾರ" ಎಂದು ಹಿಂದಿನ ಸಾಲಿನವರು ಕೂಗಿದರು.

ಮಾಸ್ತರ ಮಾತ್ರ ಕೂಗಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ಮುಖಕ್ಕೆ ಹೊದ್ದುಕೊಂಡ. "ನಾ ಖರೇ ಮಾರಿ ನೋಡಾಂವ. ಈ ಸುಳ್ಳ ಮಾರಿ ನನ್ನ ಕಣ್ಣಾಗ ಬೀಳಬಾರದು" ಎಂದವನು ಸಿನಿಮಾ ಮುಗಿಯುವ ತನಕ ಟವೆಲ್ ಸರಿಸಲಿಲ್ಲ.

ಹೊರಗೆ ಬಂದರೆ ಬಾಗಿಲಲ್ಲಿ ಮೊಬೈಲ್ ಹಿಡಿದುಕೊಂಡು ಒಬ್ಬ ಹುಡುಗಿ ಎಲ್ಲರ ಅಭಿಪ್ರಾಯ ಕೇಳುತ್ತಿದ್ದಳು. ಅಷ್ಟು ಜನರಲ್ಲಿ ಅವಳಿಗೆ ಸಿಕ್ಕವನು ನಮ್ಮ ಮಾಸ್ತರ.

"ಸಿನಿಮಾ ಹ್ಯಾಂಗಿತ್ರಿ ಅಜ್ಜಾರ?"

"ಕುದುರಿ ಧ್ವನಿ ಚಲೋ ಇತ್ತವ್ವ."

ತಿಕೋಟಾದ ಅಪಾಯ

ಸಿನಿಮಾ ಓಡಿತು ಅಂತ ಪ್ರಕಾಶಕರಿಗೂ ಹುರುಪು ಬಂತು. ರಾಯನ ಹೊಸ ಪುಸ್ತಕ, ಕೊನೆಯ ಪುಟದಲ್ಲಿ ಮುಖದರ್ಶನ ಎಂದು ಜಾಹೀರಾತು ಹೊರಟಿತು.

ನಮ್ಮಲ್ಲೊಂದು ಪದ್ಧತಿ ಇದೆ. ಹೊಸ ಪುಸ್ತಕ ಮೊದಲು ವಿಜಯಪುರದ ಬಸ್‌ಸ್ಟ್ಯಾಂಡ್ ಅಂಗಡಿಗೆ ಬರುತ್ತದೆ. ನಾನು ಕೊಂಡು, ಕಂಡಕ್ಟರ್ ಕೈಯಲ್ಲಿ ಅವರಿಬ್ಬರ ಊರಿಗೆ ಕಳಿಸುತ್ತೇನೆ. ಮೂವರ ಕೈಗೂ ಮುಟ್ಟುವ ತನಕ ಯಾರೂ ತೆರೆಯುವಂತಿಲ್ಲ. ತಿಕೋಟಾದವನು ಇದನ್ನು ಪ್ರತಿ ಸಲ ಮುರಿಯುತ್ತಾನೆ. ಕೊನೆಯ ಪುಟ ಮೊದಲು ಓದಿ, ಫೋನ್ ಮಾಡಿ ಎಲ್ಲರಿಗೂ ಹೇಳಿಬಿಡುತ್ತಾನೆ.

"ಈ ಸಲ ನಿಂದು ನಾಳೆ ಕಳಸ್ತೇನಿ. ಮೊದಲ ಮಾಸ್ತರ ನೋಡ್ಲಿ" ಎಂದು ಅವನಿಗೆ ಫೋನಿನಲ್ಲಿ ಹೇಳಿದೆ.

"ಅನ್ಯಾಯಲೇ ಇದು! ನಾ ಕಡೀ ಪಾನ ಮೊದಲ ಓದೂದು ಚಟಕ್ಕಲ್ಲ. ರಾಯ ಬದುಕ್ಯಾನ ಅಂತ ಖಾತ್ರಿ ಆಗದ ನಾ ಓದಿದ್ರ ನನ್ನ ಬಿಪಿಗೆ ಯಾರ ಜವಾಬ್ದಾರಿ?"

ಯಾರ ಮೊಮ್ಮಗ?

ಅಂಗಡಿಗೆ ಹೋದೆ. ಈ ಅಂಗಡಿಯವನಿಗೂ ನನಗೂ ಹಳೆಯ ಜಗಳ.

"ರುಮಾಲ ರಾಯ ಎರಡು ಕೊಡ್ರಿ."

"ಮೊಮ್ಮಗಗ ಏನ್ರಿ ಯಜಮಾನ್ರ?"

"ನನಗ! ನೀವು ಹುಟ್ಟೂಕಿಂತ ಮೊದಲಿಂದ ಓದಾಕತ್ತೇನಿ!"

ಅವನು ಪುಸ್ತಕಗಳ ಮೇಲೆ ಬಣ್ಣದ ಪೆನ್ಸಿಲಿನ ಪಾಕೀಟೊಂದನ್ನು ಇಟ್ಟ. "ಇದು ಫುಕಟ್ ರೀ. ಯಾಕಂದ್ರ ಇದರಾಗ..."

"ಬಾಯಿ ಮುಚ್ರಿ! ನನಗೇನು ಬಾಲವಾಡಿ ಹುಡುಗ ಅಂತ ತಿಳದೀರೇನು?" ಎಂದು ಗುಡುಗಿದೆ. ಆದರೂ ಪಾಕೀಟು ಬಿಡಲಿಲ್ಲ, ಫುಕಟ್ ಅಲ್ಲವೇ. ಮಾಸ್ತರನ ಪುಸ್ತಕದ ಜೋಡಿ ದಾರ ಕಟ್ಟಿ ಕಂಡಕ್ಟರಿಗೆ ಕೊಟ್ಟೆ. ಅವಮಾನವನ್ನು ಇಬ್ಬರೂ ಹಂಚಿಕೊಳ್ಳೋಣ ಅಂತ.

ಎರಡು ಮಾರಿ

ಬಸ್ಸು ಸಾರವಾಡದ ಹತ್ತಿರ ಪಂಕ್ಚರ್ ಆಗಿ ನಿಂತಿತಂತೆ. ಬಬಲೇಶ್ವರ ಮುಟ್ಟಿದಾಗ ಮಾಸ್ತರ ಸ್ಟ್ಯಾಂಡಿನಲ್ಲೇ ಕಾಯುತ್ತಿದ್ದ. ಇಳಿದವರೆಲ್ಲ ಅವನನ್ನು ನೋಡಿ ನಕ್ಕರಂತೆ. ಸಂತೆಗೆ ಬಂದ ಒಬ್ಬ ಹೆಣ್ಣುಮಗಳು, "ಮಾಸ್ತರ, ಮಾರಿ ಭಾಳ ಲಕ್ಷಣ ಆಗೇತ್ರಿ" ಎಂದಳಂತೆ. ಇವನು ಕಿವಿಯಲ್ಲಿ ಬೆರಳಿಟ್ಟುಕೊಂಡು, "ಹೇಳಬ್ಯಾಡ್ರಿ, ಯಾರೂ ಹೇಳಬ್ಯಾಡ್ರಿ!" ಎಂದು ಕೂಗುತ್ತ ಮನೆಗೆ ಓಡಿದ.

ಸ್ವಲ್ಪ ಹೊತ್ತಿಗೆ ಮಾಸ್ತರನ ಫೋನ್ ಬಂತು.

"ನೋಡಿದ್ನಲೇ! ಜನ್ಮ ಸಾರ್ಥಕ ಆತು. ಏನ್ ಮೀಸಿ, ಏನ್ ಕಳೆ! ಹಣಿ ತುಂಬ ವಿಭೂತಿ. ನಮ್ಮ ಕಡಿಯಾಂವನ!"

ನಾನು ನನ್ನ ಪ್ರತಿ ತೆರೆದು ಕೊನೆಯ ಪುಟ ನೋಡಿದೆ. ರುಮಾಲು ಬಿಚ್ಚಿತ್ತು. ಒಳಗೆ ಬರೀ ಬಿಳಿ ಕಾಗದ. ಕಣ್ಣಿಲ್ಲ, ಮೂಗಿಲ್ಲ, ಏನೂ ಇಲ್ಲ.

"ಮಾರೀನ ಇಲ್ಲಲ್ಲೋ ಇದರಾಗ!"

"ಕನ್ನಡಕ ಹಾಕ್ಕೊಂಡಿಯೇನು?"

"ಹಾಕ್ಕೊಂಡೇನಿ!"

"ಹಂಗಾರ ನಿನಗ ಸೆಕೆಂಡ್ಸ್ ಮಾಲು ಕೊಟ್ಟಾನ. ಜಗಳಾಡಿ ಬದಲಿ ತಗೋ. ಬಿಡಬ್ಯಾಡ ಅವನ್ನ!"

ಮರುದಿನ ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಹೊರಟೆ. ದಾರಿಯಲ್ಲಿ ಎದುರಾದ ಕಂಡಕ್ಟರ್ ತಲೆ ಕೆರೆದುಕೊಂಡ.

"ಸಾಹೇಬ್ರ, ತಪ್ಪಾತ್ರಿ. ನಿನ್ನೆ ದಾರ ಹರದು ಪುಸ್ತಕ ಬಿತ್ತು. ಗಾಲಿ ಬದಲ್ಸೂತನಾ ಹೊತ್ತ ಹೋಗ್ಲಿ ಅಂತ ಎಲ್ಲಾರೂ ಓದಿದ್ರು. ಕಡೀಗೆ ನೋಡಿದ್ರ ಮಾರೀನ ಇಲ್ರಿ! ಮಂದಿಗೆ ಏನ್ ಸಿಟ್ಟು ಬಂತು ಅಂತೀರಿ. ಮಾಸ್ತರು ಪಾಪ ಎಷ್ಟ ದಿನದಿಂದ ಹಾದಿ ಕಾಯಾಕತ್ತಾರ. ಜೋಡಿಗೆ ಬಣ್ಣದ ಪೆನ್ಸಿಲ್ ಇದ್ದೂ. ಜೈನಾಪುರದ ಗೌಡ್ರು ಮೀಸಿ ಬರದ್ರು, ಸಂತಿ ಅವ್ವಾರು ವಿಭೂತಿ ಹಚ್ಚಿದ್ರು. ಕಣ್ಣು ನಾ ಬರದೀನ್ರಿ."

ನನಗೆ ಸಿಟ್ಟೋ ನಗುವೋ ತಿಳಿಯಲಿಲ್ಲ. "ಮಾಸ್ತರಗ ಇದನ್ನ ಹೇಳಿದ್ರ ನೋಡು ಮತ್ತ!" ಎಂದು ಬೆದರಿಸಿ, ಉಳಿದ ಸಿಟ್ಟನ್ನೆಲ್ಲ ಅಂಗಡಿಗೆ ಒಯ್ದೆ. ಪುಸ್ತಕವನ್ನು ಕಟ್ಟೆಯ ಮೇಲೆ ಬಡಿದೆ.

"ಮಾರಿ ಎಲ್ಲಿ?"

ಅಂಗಡಿಯವನು ಶಾಂತವಾಗಿ ಹೇಳಿದ. "ಅದನ್ನ ಹೇಳಾಕ ಹೋದ್ರ ಬಾಯಿ ಮುಚ್ಚು ಅಂದ್ರೆಲ್ರಿ. ಮಾರಿ ಓದಾವ್ರು ಬರೀಬೇಕಂತ್ರಿ. ಪಾಕೀಟಿನ ಮ್ಯಾಲೆ ಛಾಪಿಸ್ಯಾರ. ಅದಕ್ಕ ಪೆನ್ಸಿಲ್ ಫುಕಟ್."

ನನ್ನ ಪೆನ್ಸಿಲ್ ಬಬಲೇಶ್ವರದಲ್ಲಿತ್ತು. ಆಚೀಚೆ ನೋಡಿ, ದನಿ ತಗ್ಗಿಸಿ, "ಇನ್ನೊಂದು ಪಾಕೀಟು ಕೊಡ್ರಿ" ಎಂದೆ.

"ಮೊಮ್ಮಗಗ ಏನ್ರಿ?"

"ಹೌದಪಾ," ಅಂದೆ, "ಮೊಮ್ಮಗಗ."