ಫ್ರಿಜ್ಜಿನಲ್ಲಿದ್ದ ಫ್ರಾನ್ಸ್

ಜಪಾನಿಗೆ ಹೋದವರು ಜಪಾನನ್ನು ಕಲಿತು ಬರುತ್ತಾರೆ. ನಾನು ಫ್ರಾನ್ಸನ್ನು ಕಲಿತು ಬಂದೆ. ನನಗೆ ಇಂಥದ್ದು ಆಗುತ್ತಲೇ ಇರುತ್ತದೆ.

ಕೊರೊನಾದ ಎರಡನೇ ವರ್ಷ. ಒಕಾಜಾಕಿಯ ಸಂಶೋಧನಾ ಸಂಸ್ಥೆಯೊಂದರ ಅತಿಥಿಗೃಹದಲ್ಲಿ ಉಳಿದವರು ಇಬ್ಬರೇ: ನಾನು, ಎದುರು ಕೋಣೆಯ ಫ್ರೆಂಚ್ ವಿಜ್ಞಾನಿ ಮೇಡಂ. ಅಡುಗೆಮನೆ ಒಂದು, ಫ್ರಿಜ್ ಒಂದು. ಮೈಸೂರಿನಲ್ಲಿ ಹುಟ್ಟಿದ ಮಗಳನ್ನು ನಾನು ಇನ್ನೂ ಫೋನಿನಲ್ಲಷ್ಟೇ ನೋಡಿದ್ದೆ.

ಊಟ

ನಿಂತುಕೊಂಡೇ ಚಿತ್ರಾನ್ನ ತಿನ್ನುತ್ತಿದ್ದೆ.

"ಏನು ಮಾಡುತ್ತಿದ್ದೀರಿ?"

"ಊಟ, ಮೇಡಂ."

"ಇದು ಊಟವಲ್ಲ, ಪೆಟ್ರೋಲ್ ಹಾಕಿಸಿಕೊಳ್ಳುವುದು. ಕೂತುಕೊಳ್ಳಿ."

ಕೊರೊನಾಕ್ಕೆಂದು ಮೇಜಿನ ನಡುವೆ ಹಾಕಿದ್ದ ಪ್ಲಾಸ್ಟಿಕ್ ಪರದೆಯ ಆಚೆ ಈಚೆ ಕೂತೆವು. ಊರು, ಸಂಬಳ ಯಾವುದನ್ನೂ ಕೇಳಲಿಲ್ಲ. ದೇವರಿದ್ದಾನೆಯೇ ಎಂದು ಕೇಳಿದರು. ಒಂದೂವರೆ ಗಂಟೆ ಕಳೆಯಿತು. ಚಿತ್ರಾನ್ನ ಆರಿತು, ದೇವರ ವಿಷಯ ಇತ್ಯರ್ಥವಾಗಲಿಲ್ಲ.

ವಾದ

ಮರುದಿನ ಹಿರಿಯರೆಂದು ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸಿದೆ. ಮುಖ ಸಣ್ಣದು ಮಾಡಿಕೊಂಡರು.

"ನೀವು ಹೀಗೆ ಒಪ್ಪಿಬಿಟ್ಟರೆ ನಾನು ಯಾರ ಜೊತೆ ಮಾತಾಡಲಿ?"

ಅದರ ಮರುದಿನ ಮೇಜು ಕುಟ್ಟಿ ವಿರೋಧಿಸಿದೆ. ಖುಷಿಯಾಗಿ ಸೇಬಿನ ಸಿಹಿ ಮಾಡಿಕೊಟ್ಟರು. ಅದರ ಅರ್ಧದಷ್ಟು ಎದುರು ಮಾತಾಡಿದ್ದಕ್ಕೇ ನಮ್ಮ ಮಾವ ಆರು ತಿಂಗಳು ಮಾತು ಬಿಟ್ಟಿದ್ದರು.

ಚೀಸು

ಮೊದಲ ಸಲ ಫ್ರಿಜ್ ತೆರೆದಾಗ ಒಳಗೆ ಏನೋ ಸತ್ತಿದೆ ಎಂದುಕೊಂಡೆ.

"ಅದು ನನ್ನ ಚೀಸು. ಇನ್ನೂ ಎಳೆಯದು," ಎಂದರು ಮೇಡಂ.

ಆಗ ವಾಸನೆ ತಿಳಿಯದಿದ್ದರೆ ಕೊರೊನಾ ಎಂಬ ಭಯ. ದಿನಾ ಬೆಳಿಗ್ಗೆ ಫ್ರಿಜ್ ತೆರೆಯುತ್ತಿದ್ದೆ. ಮೂಗು ಮುಚ್ಚಿಕೊಳ್ಳಬೇಕೆನಿಸಿದರೆ ಆರೋಗ್ಯ ಎಂದು ಲೆಕ್ಕ.

ಅತಿಥಿಗೃಹದ ಮೇಲ್ವಿಚಾರಕರೂ ಆಗಾಗ ಬಂದು ಫ್ರಿಜ್ ತೆರೆದು, ಹಲ್ಲಿನ ಸಂದಿಯಲ್ಲಿ ಉಸಿರೆಳೆದು, ತಲೆಬಾಗಿ, ಮುಚ್ಚಿ ಹೋಗುತ್ತಿದ್ದರು.

"ಪಾಪ, ಆಸೆ. ಕೇಳಲು ಸಂಕೋಚ," ಎಂದು ಮೇಡಂ ಒಂದು ದಪ್ಪ ತುಂಡು ಕೊಟ್ಟರು. ಮೇಲ್ವಿಚಾರಕರು ಅರಿಗಾತೋ ಎಂದು ಧನ್ಯವಾದ ಹೇಳಿ ಪೂರ್ತಿ ತಿಂದರು. ಆಮೇಲೆ ಒಂದು ವಾರ ಕಾಣಿಸಲಿಲ್ಲ.

ಮೂಗು

ಕೊನೆಗೂ ನನಗೆ ಟಿಕೆಟ್ ಸಿಕ್ಕಿತು. ಎರಡು ದಿನದಲ್ಲಿ ಪರೀಕ್ಷೆ. ಕೊರೊನಾ ಇದ್ದರೆ ವಿಮಾನವಿಲ್ಲ, ಮಗಳಿಲ್ಲ. ಹೋಗುವ ಮುಂಚೆ ಸತ್ಯ ಹೇಳಿಬಿಡೋಣ ಎನಿಸಿತು.

"ಮೇಡಂ, ಮೇಲ್ವಿಚಾರಕರಿಗೆ ಚೀಸಿನ ಆಸೆಯಲ್ಲ. ವಾಸನೆ ತಡೆಯಲಾಗುತ್ತಿಲ್ಲ. ಇಲ್ಲಿಯವರೂ ನಮ್ಮವರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ."

"ಮತ್ತೆ ಗೊತ್ತಾಗುವುದು ಹೇಗೆ?"

"ಗೊತ್ತಾಗಬೇಕು, ಅಷ್ಟೇ."

ಮೊದಲ ಬಾರಿಗೆ ಅವರು ವಾದ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಫ್ರಿಜ್ ತೆರೆದೆ. ವಾಸನೆಯಿಲ್ಲ. ತಲೆ ಒಳಗೆ ತೂರಿಸಿ ಉಸಿರೆಳೆದೆ. ತಣ್ಣನೆಯ ಗಾಳಿ, ಅಷ್ಟೇ. ಎರಡು ಹಲ್ಲು ಬಂದಿದ್ದ ಮಗಳ ಮುಖ ಕಣ್ಣಮುಂದೆ ಬಂತು. ಆಮೇಲೆ ಮಾಸ್ಕ್ ಮೇಲೆ ಮಾಸ್ಕ್ ಹಾಕಿಕೊಂಡು ಮೇಡಂ ಬಾಗಿಲು ತಟ್ಟಿ, ದೂರ ಸರಿದು ನಿಂತೆ.

"ಹತ್ತಿರ ಬರಬೇಡಿ, ಮೇಡಂ. ನನಗೆ ಬಂದಿದೆ. ಏನೂ ವಾಸನೆ ತಿಳಿಯುತ್ತಿಲ್ಲ."

ಬಾಗಿಲು ತೆರೆಯಿತು. ಮೊದಲು ವಾಸನೆ ಬಂತು, ಆಮೇಲೆ ಅವರು ಬಂದರು.

"ರಾತ್ರಿಯೇ ಕೋಣೆಗೆ ತಂದಿಟ್ಟುಕೊಂಡೆ," ಎಂದರು. "ನೀವೇ ಹೇಳಿದಿರಲ್ಲ."

ನನ್ನ ಕಣ್ಣಲ್ಲಿ ನೀರು ಬಂತು. ಮಗಳನ್ನು ನೆನೆದು ಎಂದು ನಾನು ಇವತ್ತಿಗೂ ಹೇಳುತ್ತೇನೆ. ಚೀಸಿನಿಂದ ಎಂಬುದು ಮೇಡಂ ವಾದ. ಮಗಳು ಈಗ ಶಾಲೆಗೆ ಹೋಗುತ್ತಿದ್ದಾಳೆ. ಫೋನಿನಲ್ಲಿ ಆ ವಾದ ಇನ್ನೂ ಮುಗಿದಿಲ್ಲ.