ಕೂತವಳನ್ನು ಕಾಣದ ಕ್ಯಾಮೆರಾಕ್ಕೆ

ನಮ್ಮ ನಡುಮನೆಯ ಬಾಗಿಲ ಮೇಲೆ, ಗೋಡೆ ಗಡಿಯಾರವನ್ನು ಇಳಿಸಿ ಅದರ ಜಾಗದಲ್ಲಿ ವಿರಾಜಮಾನರಾಗಿರುವ ಮಾನ್ಯ ಕ್ಯಾಮೆರಾ ಮಹಾಶಯರೇ,

ತಮಗೆ ಈ ಮನೆಯ ಎಲ್ಲರ ವಂದನೆಗಳು. ತಾವು ಕಳ್ಳರ ಮೇಲೆ ಕಣ್ಣಿಡಲೆಂದು ಬಂದವರು. ಮೂರು ತಿಂಗಳಾದರೂ ಒಬ್ಬ ಕಳ್ಳನೂ ಇತ್ತ ಸುಳಿಯದೆ ತಮ್ಮ ಪ್ರತಿಭೆ ವ್ಯರ್ಥವಾಗುತ್ತಿರುವುದನ್ನು ಕಂಡು ಮರುಗಿದ ನನ್ನ ಪತಿ, ದೀಪಗಳ ಉಸ್ತುವಾರಿಯನ್ನೂ ತಮಗೇ ವಹಿಸಿದರು. ಕೋಣೆಯಲ್ಲಿ ಜನರ ಓಡಾಟ ಕಂಡರೆ ದೀಪ ಹಚ್ಚುವುದು, ನಾಲ್ಕು ನಿಮಿಷ ಯಾರೂ ಅಲುಗಾಡದಿದ್ದರೆ ಆರಿಸುವುದು, ಇಷ್ಟೇ ಕೆಲಸ. ಯಾರಾದರೂ ಗೋಡೆಯ ಸ್ವಿಚ್ಚು ಒತ್ತಿ ತಮ್ಮ ಮನಸ್ಸು ನೋಯಿಸಬಾರದೆಂದು ಅದರ ಸಂಪರ್ಕ ತಪ್ಪಿಸಿ, ಮೇಲೆ ಟೇಪನ್ನೂ ಅಂಟಿಸಲಾಯಿತು.

ತಮ್ಮ ಕರ್ತವ್ಯನಿಷ್ಠೆಯ ಬಗ್ಗೆ ಎರಡು ಮಾತಿಲ್ಲ. ಹಗಲಲ್ಲೂ ಮಬ್ಬಾಗಿರುವ ಈ ಕೋಣೆಯಲ್ಲಿ ನಾನು ಕಸ ಗುಡಿಸುವಾಗ, ನೆಲ ಒರೆಸುವಾಗ, ಒಗೆದ ಬಟ್ಟೆ ಮಡಚುವಾಗ, ಅತ್ತೆಯವರ ಕನ್ನಡಕವನ್ನು ಸೋಫಾದ ಕೆಳಗೆ ತಡಕುವಾಗ ತಾವು ಒಂದು ಕ್ಷಣವೂ ಕತ್ತಲಾಗಲು ಬಿಟ್ಟಿಲ್ಲ.

ತೊಂದರೆ ಇರುವುದು ಸಂಜೆ ಆರೂವರೆಯಿಂದ ಏಳೂವರೆಯವರೆಗಿನ ಒಂದು ಗಂಟೆಯಲ್ಲಿ. ಇಡೀ ದಿನದಲ್ಲಿ ನನ್ನದು ಅನ್ನಬಹುದಾದದ್ದು ಅದೊಂದೇ. ಅತ್ತೆಯವರು ವಾಕಿಂಗಿಗೆ ಹೋಗಿರುತ್ತಾರೆ, ಪತಿ ಇನ್ನೂ ಕಚೇರಿಯಿಂದ ಬಂದಿರುವುದಿಲ್ಲ, ನಾನು ಬೆತ್ತದ ಕುರ್ಚಿಯಲ್ಲಿ ಕವಿತೆಯ ಪುಸ್ತಕ ಹಿಡಿದು ಕೂರುತ್ತೇನೆ. ಜಾಳು ಕವಿತೆಗಳಾದರೆ ಪುಟಗಳು ಬೇಗ ಬೇಗ ತಿರುಗಿ ತಮಗೂ ಸಮಾಧಾನ, ನನಗೂ ಬೆಳಕು. ಒಳ್ಳೆಯ ಸಾಲೊಂದು ಸಿಕ್ಕಿ ನಾನು ಅಲ್ಲೇ ನಿಂತುಬಿಟ್ಟೆನೋ, ಸರಿಯಾಗಿ ನಾಲ್ಕನೇ ನಿಮಿಷಕ್ಕೆ ಕತ್ತಲೆ. ಯಾವ ಕವಿತೆ ಎಷ್ಟು ಗಟ್ಟಿ ಎಂದು ಇಷ್ಟು ಕರಾರುವಾಕ್ಕಾಗಿ ಹೇಳಬಲ್ಲ ವಿಮರ್ಶಕರನ್ನು ನಾನು ಎಂ.ಎ. ಓದುವಾಗಲೂ ಕಂಡಿರಲಿಲ್ಲ. ಆಗ ಪುಸ್ತಕವನ್ನು ಮಡಿಲಲ್ಲಿಟ್ಟು, ಬಸ್ಸು ನಿಲ್ಲಿಸುವವಳಂತೆ ಎರಡೂ ಕೈ ಬೀಸಿ, ನಾನಿನ್ನೂ ಇದ್ದೇನೆ ಎಂದು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ. ದೀಪ ಬರುತ್ತದೆ; ಸಾಲು ಹೋಗಿರುತ್ತದೆ.

ಕಳೆದ ಮಂಗಳವಾರ, ಮನೆಯಲ್ಲಿ ಯಾರೂ ಇಲ್ಲ ಎಂದು ತಾವು ಪತಿಯ ಮೊಬೈಲಿಗೆ ಸಂದೇಶ ಕಳಿಸಿದಿರಿ. ಅವರು ಫೋನ್ ಮಾಡಿ, ಹೇಳದೆ ಕೇಳದೆ ಎಲ್ಲಿಗೆ ಹೋದೆ ಎಂದರು. ಇಲ್ಲೇ ಕುರ್ಚಿಯಲ್ಲಿದ್ದೇನೆ ಅಂದೆ. "ಮತ್ತೆ ಕ್ಯಾಮೆರಾ ಯಾಕೆ ಇಲ್ಲ ಅಂತಿದೆ?" ಎಂದರು. ಇಪ್ಪತ್ತಮೂರು ವರ್ಷ ಸಂಸಾರ ಮಾಡಿದವಳ ಮಾತಿಗಿಂತ ಮೊನ್ನೆ ಮೊನ್ನೆ ಬಂದ ತಮ್ಮ ಮಾತಿಗೆ ತೂಕ ಹೆಚ್ಚಾದದ್ದರಲ್ಲಿ ನನಗೆ ಹೊಟ್ಟೆಕಿಚ್ಚಿಲ್ಲ. ತಾವು ಎತ್ತರದ ಜಾಗದಲ್ಲಿರುವವರು.

ಭಾನುವಾರ, ತಮ್ಮ ಮೇಲಿನ ಆರೋಪ ಸುಳ್ಳೆಂದು ತೋರಿಸಲು ಪತಿಯೇ ಆ ಕುರ್ಚಿಯಲ್ಲಿ ಕೂತರು. ಕೂತವರು ನಿದ್ದೆ ಹೋಗಿ ಮುಕ್ಕಾಲು ಗಂಟೆ ಗೊರಕೆ ಹೊಡೆದರು. ಅವರ ಹೊಟ್ಟೆ ಏರಿಳಿಯುವುದನ್ನು ಮನುಷ್ಯ ಚಟುವಟಿಕೆಯೆಂದು ಗೌರವಿಸಿ ತಾವು ಒಮ್ಮೆಯೂ ದೀಪ ಆರಿಸಲಿಲ್ಲ. ಎದ್ದವರು, "ನೋಡ್ದೆಯಾ, ಸರಿಯಾಗೇ ಇದೆ. ನೀನೇ ಗೊಂಬೆ ಥರ ಕೂರ್ತೀಯ" ಎಂದು ತೀರ್ಪು ಕೊಟ್ಟರು. ಅತ್ತೆಯವರು ಮಾತ್ರ, "ಅವಳು ಕೂತಿದ್ದನ್ನ ನೀನು ಯಾವತ್ತು ನೋಡಿದೀಯೋ?" ಅಂದರು.

ಆದ್ದರಿಂದ ನನ್ನ ವಿನಂತಿ ಇಷ್ಟು: ರೆಪ್ಪೆ ಬಡಿಯುವುದನ್ನು ತಾವು ಚಲನೆಯೆಂದು ಪರಿಗಣಿಸಬೇಕು, ಅದಾಗದಿದ್ದರೆ ಸಾಲೊಂದು ಮನಸ್ಸಿಗಿಳಿಯುವುದನ್ನಾದರೂ ಗುರುತಿಸಬೇಕು, ಅದೂ ಶಕ್ತಿ ಮೀರಿದ್ದಾದರೆ, ಸುಮ್ಮನೆ ಕೂರುವುದೂ ಮನೆಯಲ್ಲಿರುವ ಒಂದು ಬಗೆ ಎಂದು ನನ್ನ ಪತಿಗೆ ಸಂದೇಶ ಕಳಿಸಬೇಕು. ತಾವು ಹೇಳಿದರೆ ಅವರು ನಂಬುತ್ತಾರೆ.

ಕದಲದೆ ಕಾದಿರುವ
ತಮ್ಮ ವಿಶ್ವಾಸಿ,
ಬೆತ್ತದ ಕುರ್ಚಿಯವಳು

ಮರೆತಿದ್ದ ಮಾತು: ಅತ್ತೆಯವರು ಹೊಲಿಗೆ ಯಂತ್ರದ ಹಳೆಯ ದೀಪವನ್ನು ನನ್ನ ಕುರ್ಚಿಯ ಪಕ್ಕಕ್ಕೆ ತಂದಿಟ್ಟಿದ್ದಾರೆ. ಅದಕ್ಕೆ ಸ್ವಿಚ್ಚಿದೆ, ಒತ್ತಿದರೆ ಹತ್ತುತ್ತದೆ, ಬೇರೇನೂ ಕೇಳುವುದಿಲ್ಲ. ನಾಳೆಯಿಂದ ಆ ಒಂದು ಗಂಟೆ ತಮ್ಮ ದಣಿದ ಕಣ್ಣಿಗೆ ಪತಿಯ ಒಗೆದ ಕಾಲುಚೀಲವೊಂದನ್ನು ಹೊದಿಸಲಾಗುವುದು. ಮನೆಯಲ್ಲಿ ಯಾರೂ ಇಲ್ಲವೆಂದು ಎಂದಿನಂತೆ ಅವರಿಗೆ ಸಂದೇಶ ಕಳಿಸಿ. ಅವರು ಫೋನ್ ಮಾಡುತ್ತಾರೆ. ನಾನು ಎತ್ತುವುದಿಲ್ಲ, ಮನೆಯಲ್ಲಿ ಯಾರೂ ಇಲ್ಲವಲ್ಲ.