ಮೊಮ್ಮಗಳು ಬರೆದ ಲೈನ್ ಮನೆ

ನಾಗ... ನಾಗರ... ಅಲ್ಲ. ನಾಲಿಗೆಯ ತುದಿಗೇ ಇದೆ, ಹೊರಗೆ ಬರುತ್ತಿಲ್ಲ. ಅಡುಗೆಮನೆಯ ಗೋಡೆಗೆ, ಮಕ್ಕಳ ಕೈಗೆ ಎಟುಕದಷ್ಟು ಎತ್ತರದಲ್ಲಿ, ಅಪ್ಪ ಬಡಿದು ಕೂರಿಸಿದ್ದ ಉದ್ದನೆಯ ಹಲಗೆ. ಅದರ ಮೇಲೆ ಅವ್ವನ ಉಪ್ಪಿನಕಾಯಿ ಭರಣಿಗಳು. ಆ ಹಲಗೆಗೆ ಅವ್ವ ಒಂದು ಹೆಸರು ಹೇಳುತ್ತಿದ್ದಳು. ಅರ್ಧ ನೆನಪಿದೆ, ಅರ್ಧ ಹೋಗಿದೆ.

"ಶೆಲ್ಫ್ ಅಂತ ಬರೀಲೇನು ಅಜ್ಜಿ?" ಮೊಮ್ಮಗಳು ಕೇಳಿದಳು.

"ಶೆಲ್ಫ್ ಅಂಗಡ್ಯಾಗ ಇರ್ತೈತಿ. ತಡಿ, ನೆನಪ ಮಾಡ್ಕೊತೀನಿ."

ಅವಳು ಆ ಜಾಗದಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿದಳು.

ಅವಳು ಕಂಪ್ಯೂಟರಿನಲ್ಲಿ ಮನೆಗಳ ನಕ್ಷೆ ಬರೆಯುವುದನ್ನು ಕಲಿಯುತ್ತಿದ್ದಾಳೆ. ಗೆರೆ ಎಳೆದು, ಗೋಡೆ ಎಬ್ಬಿಸಿ, ಕೊನೆಗೆ ಒಳಗೆ ನಡೆದಾಡಿದ ಹಾಗೆ ತೋರಿಸಬೇಕು. ಕ್ಲಾಸಿನ ಉಳಿದವರೆಲ್ಲ ತಾವಿರುವ ಫ್ಲ್ಯಾಟನ್ನೇ ಬರೆದರು. ಇವಳು ಮಾತ್ರ ಅಜ್ಜಿ ಹುಟ್ಟಿದ ಮನೆಯೇ ಬೇಕು ಎಂದು ಹಠ ಹಿಡಿದಳು. ಅಂದಿನಿಂದ ಮಗನ ಈ ಬರೋಡಾ ಮನೆಯಲ್ಲಿ ನಗುವಂಥದ್ದು ಏನೂ ನಡೆಯದೆ ಒಂದು ವಾರವೂ ಕಳೆದಿಲ್ಲ.

ನಾನು ಹುಟ್ಟಿದ್ದು ದಾಂಡೇಲಿಯಲ್ಲಿ, ಕಾಗದದ ಗಿರಣಿಯ ಕೆಲಸಗಾರರ ಸಾಲುಮನೆಗಳ ಲೈನಿನಲ್ಲಿ. ಧಾರವಾಡದ ಕಡೆಯ ಹಳ್ಳಿಯಿಂದ ಬಂದ ಅಪ್ಪನಿಗೆ ಸಿಕ್ಕ ಮನೆ ಅದು. ಅಪ್ಪ ರಿಟೈರ್ ಆದಾಗ ಬಿಟ್ಟುಕೊಟ್ಟೆವು. ಆಮೇಲೆ ಒಮ್ಮೆ ಹೋಗಿದ್ದೆ. ಕಟ್ಟೆಯ ಮೇಲೆ ಯಾರದೋ ಚಪ್ಪಲಿ, ತಂತಿಯ ಮೇಲೆ ಯಾರದೋ ಸೀರೆ. ಒಳಗೆ ಬರಲೇ ಎಂದು ಕೇಳಲು ಬಾಯಿ ಬರಲಿಲ್ಲ, ರಸ್ತೆಯಿಂದಲೇ ತಿರುಗಿದೆ. ಈಗ ಆ ಲೈನೇ ಇಲ್ಲವಂತೆ. ಅಡುಗೆಮನೆಯ ಹಿಂದಿನ ಮೆಟ್ಟಿಲ ಮೇಲೆ ಅವ್ವ ಅಕ್ಕಿ ಆರಿಸುತ್ತ ಕೂರುತ್ತಿದ್ದಳಲ್ಲ, ಅಲ್ಲಿಯವರೆಗೆ ಒಂದೇ ಒಂದು ಸಲ ಹೋಗಿ ಬರಬೇಕು. ನನಗಿರುವ ಆಸೆ ಅಷ್ಟೇ.

ಅಳತೆ

"ಹೊರಗಿನ ಖೋಲಿ ಎಷ್ಟು ಅಗಲ ಇತ್ತು ಅಜ್ಜಿ?"

"ನಾವು ಐದೂ ಮಕ್ಕಳು ಸಾಲಾಗಿ ಮಲಗಿದರ ಸರೀ ಆಗ್ತಿತ್ತು. ಸಾಲಿನ ಕಡೀಗೆ ಮಲಗಾಕಿ ನಾನು. ಹೊರಳಿದರ ಗ್ವಾಡಿ."

"ಮೀಟರಿನ್ಯಾಗ ಹೇಳ ಅಜ್ಜಿ."

"ನಮ್ಮವ್ವ ಮೀಟರ್ ಹಡದಿಲ್ಲವ್ವ, ಮಕ್ಕಳನ್ನ ಹಡದಾಳ."

ಭಾನುವಾರ ಅವಳು ತನ್ನ ಅಪ್ಪ ಅಮ್ಮನನ್ನು ಫ್ಲ್ಯಾಟಿನ ನಡುಮನೆಯ ನೆಲದ ಮೇಲೆ ಮಲಗಿಸಿದಳು. ಪಕ್ಕದಲ್ಲಿ ತಾನೂ ಮಲಗಿದಳು. ಇನ್ನಿಬ್ಬರ ಬದಲಿಗೆ ಎರಡು ಲೋಡು. ನಾನು ಟೇಪು ಹಿಡಿದು ನಿಂತೆ. ಅಷ್ಟರಲ್ಲಿ ಎದುರು ಫ್ಲ್ಯಾಟಿನ ಗುಜರಾತಿ ಹೆಂಗಸು ಢೋಕ್ಲಾ ಹಿಡಿದುಕೊಂಡು ತೆರೆದ ಬಾಗಿಲಲ್ಲಿ ಬಂದಳು. ಸಾಲಾಗಿ ಬಿದ್ದವರನ್ನು ನೋಡಿದಳು, ಒಬ್ಬಳೇ ಗಟ್ಟಿಮುಟ್ಟಾಗಿ ನಿಂತಿರುವ ಮುದುಕಿ ನನ್ನನ್ನು ನೋಡಿದಳು. "ಬೆಳಿಗ್ಗೆ ಇವರಿಗೆಲ್ಲ ಏನು ತಿನ್ನಿಸಿದಿರಿ?" ಎಂದು ಕಿರುಚಿ, ಢೋಕ್ಲಾ ಸಮೇತ ಓಡಿಹೋಗಿ ನಿಂಬೆಹಣ್ಣಿನ ಪಾನಕ ತಂದಳು.

ನನ್ನ ಮಗ ಒಬ್ಬನೇ ಆಗಿನ ನಮ್ಮಂಥ ಮೂವರಿಗೆ ಸಮ ಎಂಬುದು ಯಾರಿಗೂ ಹೊಳೆದಿರಲಿಲ್ಲ. ಕಂಪ್ಯೂಟರಿನಲ್ಲಿ ಎದ್ದು ನಿಂತದ್ದು ನಮ್ಮ ಖೋಲಿಯಲ್ಲ, ಲಗ್ನದ ಮಂಟಪ.

"ಇಷ್ಟು ದೊಡ್ಡದಿದ್ದರ ನಾ ಯಾಕ ಗ್ವಾಡಿಗೆ ಹಣಿ ಬಡಕೊತಿದ್ದೆ?" ಅಂದೆ.

ಕಟ್ಟಡದ ಸಣ್ಣ ಮಕ್ಕಳನ್ನು ಕರೆದು ಮಲಗಿಸಿದ ಮೇಲೆ ಖೋಲಿ ಸರಿಹೋಯಿತು. ನನ್ನ ಮಗ ಮಾತ್ರ ಅಂದಿನಿಂದ ಸಂಜೆ ವಾಕಿಂಗ್ ಹೋಗುತ್ತಿದ್ದಾನೆ.

ಹಂಚು

ಗೋಡೆ ಎದ್ದವು, ಬಾಗಿಲು ಬಂದವು. ಮೇಲೆ ನೋಡಿದರೆ ಬಯಲು.

"ಇದಕ್ಕ ಹಂಚ ಎಲ್ಲಿ?"

"ಹಂಚಿನ ಲೇಯರ್ ಆಫ್ ಮಾಡೀನಿ ಅಜ್ಜಿ. ಒಳಗಿಂದು ಕಾಣಬೇಕಲ್ಲ?"

"ದಾಂಡೇಲಿ ಮಳಿ ನಿನಗೇನ ಗೊತ್ತು? ಒಳಗಿಂದು ಕಾಣಲಿ ಅಂತ ಹಾಸಗಿ ತೋಯಿಸ್ತಿಯೇನು?"

"ಕಂಪ್ಯೂಟರಿನ್ಯಾಗ ಮಳಿ ಬರಂಗಿಲ್ಲ ಅಜ್ಜಿ."

ಬರುವುದಿಲ್ಲ ಎಂದು ನನಗೂ ಗೊತ್ತು. ಆದರೂ ಅವಳು ಲ್ಯಾಪ್‌ಟಾಪ್ ಮುಚ್ಚುವಾಗೆಲ್ಲ "ಹಂಚ ಹಾಕಿದೇನು?" ಎಂದು ಕೇಳದಿದ್ದರೆ ನನಗೆ ಸಮಾಧಾನವಿಲ್ಲ. ಒಂದು ದಿನ ಕ್ಲಾಸಿಗೆ ಹೊರಟವಳು ಸ್ಕೂಟರ್ ನಿಲ್ಲಿಸಿ ಕೆಳಗಿನಿಂದಲೇ ಕೂಗಿದಳು, "ಅಜ್ಜೀ, ಹಂಚ ಹಾಕೀನಿ, ಆರಾಮ ಇರು!" ಏನಂದಳು ಎಂದು ವಾಚ್‌ಮನ್ ಕೇಳಿದ. ನನಗೆ ಬರುವ ಹಿಂದಿಯಲ್ಲಿ, ನಮ್ಮ ಮನೆಗೆ ಹಂಚು ಹಾಕಿದ್ದಾಳೆ ಎಂದೆ. ಸಂಜೆ ಸೊಸೈಟಿಯ ಸೆಕ್ರೆಟರಿ ಬಂದ. ಟೆರೇಸಿನ ಮೇಲೆ ಹಂಚು ಹಾಕಲು ಪರವಾನಗಿ ಕೊಟ್ಟವರು ಯಾರು ಎಂದು ನನ್ನ ಸೊಸೆಗೆ ಕಟ್ಟುನಿಟ್ಟಾಗಿ ಕೇಳಿದ.

ಹಲಗೆ

"ಬಾಜೂ ಮನಿ ಹೆಂಗಿತ್ತು ಅಜ್ಜಿ?"

"ನಮ್ಮ ಮನಿ ಹಂಗ."

"ಅದರ ಬಾಜೂಕಿಂದು?"

"ಅದೂ ಹಂಗ."

ಅವಳು ಏನೋ ಒತ್ತಿದಳು. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಪೂರ್ತಿ ಲೈನು ಎದ್ದು ನಿಂತಿತು. ಅದೇ ಕಟ್ಟೆ, ಅದೇ ಬಾಗಿಲು, ಅದೇ ಬಣ್ಣ. ನನಗೆ ಅಪ್ಪನ ನೆನಪಾಗಿ ನಗು ತಡೆಯಲಾಗಲಿಲ್ಲ.

ಒಂದು ಮಳೆಗಾಲ. ಮೊದಲ ಪಾಳಿ ಮುಗಿಸಿ, ತಲೆಯ ಮೇಲೆ ಗೋಣಿಚೀಲದ ಕೊಪ್ಪೆ ಹೊದ್ದು ಅಪ್ಪ ಮನೆಗೆ ಬಂದ. ಕಾಲು ತೊಳೆದು, ಅಡುಗೆಮನೆಯಲ್ಲಿ ಮಣೆಯ ಮೇಲೆ ಕೂತು, ತಲೆ ಎತ್ತದೆ "ನೀಡು" ಅಂದ. ರೊಟ್ಟಿ ಪಲ್ಯ ಬಂತು. ಉಂಡ. "ಇವತ್ತ ಪಲ್ಯಾ ಭಾಳ ಛಲೋ ಆಗೇತಿ ನೋಡು," ಅಂದ.

"ಹೌದ್ರೀ ಅಣ್ಣಾರ? ಇನ್ನೊಂದೀಟು ಹಾಕಲೇನ್ರೀ?"

ತಲೆ ಎತ್ತಿದರೆ ನಾವು ಮಕ್ಕಳು ಕಾಕು ಎನ್ನುತ್ತಿದ್ದ ಬಾಜೂ ಮನೆಯಾಕೆ! ಉಣ್ಣಲು ಕೂತವರನ್ನು ಎಬ್ಬಿಸುವುದು ಹೇಗೆ ಎಂದು ಆಕೆ ಸುಮ್ಮನೆ ಬಡಿಸಿದ್ದಳು. ಗೋಡೆಯ ಈಚೆ ಅವ್ವ ಎಲ್ಲ ಕೇಳಿಸಿಕೊಂಡಳು. ಅವಳ ಪಲ್ಯವನ್ನು ಅಪ್ಪ ಒಮ್ಮೆಯೂ ಹೊಗಳಿದವನಲ್ಲ. ಮರುದಿನವೇ ಅವನಿಂದ ಅಡುಗೆಮನೆಯಲ್ಲಿ ಹಲಗೆ ಹೊಡೆಸಿದಳು. "ಇನ್ನ ಮ್ಯಾಲೆ ಮೊದಲ ಕತ್ತೆತ್ತಿ ಇದನ್ನ ನೋಡ್ರಿ, ಆಮ್ಯಾಲ ಊಟಕ್ಕ ಕುಂದರ್ರಿ!"

ಲೈನಿಗೆಲ್ಲ ಇರದ ಹಲಗೆ ನಮ್ಮ ಮನೆಗೆ ಬಂದದ್ದು ಹೀಗೆ. ಮೊಮ್ಮಗಳೂ ಅದನ್ನು ನಮ್ಮ ಮನೆಗೆ ಮಾತ್ರ ಹಾಕಿದಳು, ಪ್ರಶ್ನೆ ಚಿಹ್ನೆಯ ಜೊತೆಗೆ.

ಜೋಕಾಲಿ

ಹಳಿಯಾಳದಲ್ಲಿರುವ ತಮ್ಮನಿಗೆ ನಕ್ಷೆ ಕಳಿಸಿದೆವು. ಫೋನು ಬಂತು.

"ಅಕ್ಕಾ, ಜೋಕಾಲಿ ಎಲ್ಲಿ? ಹೊರಗಿನ ಖೋಲ್ಯಾಗ ಜೋಕಾಲಿ ಇತ್ತಲ್ಲ!"

"ನಮ್ಮ ಮನ್ಯಾಗ ಜೋಕಾಲಿ ಎಲ್ಲಿತ್ತೋ?"

"ನಾ ದಿನಾ ಅದರ ಮ್ಯಾಲೆ ಕುಂತು ಶೇಂಗಾ ತಿಂದೀನಿ. ನಿನಗ ವಯಸ್ಸಾತು, ಮರವು."

"ಅದು ಬಾಜೂ ಕಾಕೂನ ಮನಿ! ನೀ ಸಾಲಿ ಬಿಟ್ಟ ಕೂಡಲೇ ಅಲ್ಲೇ ಹೋಗಿ ಬೀಳ್ತಿದ್ದಿ."

"ಹಂಗಾರ ನಮ್ಮ ಮನಿ ಹೆಂಗಿತ್ತಕ್ಕಾ?" ಅಂದ.

ಮೊಮ್ಮಗಳು ಕಾಕುವಿನ ಮನೆಯಲ್ಲಿ ಒಂದು ಜೋಕಾಲಿ ಕಟ್ಟಿದಳು, ತಮ್ಮನ ಸಮಾಧಾನಕ್ಕೆ.

ಒಳಗೆ

ನಿನ್ನೆ ಎಲ್ಲ ಮುಗಿಯಿತು. "ಬಾ ಅಜ್ಜಿ, ಮನೀಗೆ ಹೋಗೂಣು," ಎಂದು ಮೊಮ್ಮಗಳು ನನ್ನನ್ನು ಕೂರಿಸಿ, ಕೈಗೆ ಮೌಸು ಕೊಟ್ಟಳು. ಮುಂದೆ ನೂಕಿದರೆ ನಡೆಯುತ್ತದಂತೆ.

ಮೊದಲು ನೂಕಿದಾಗ ಹಾರಿ ಹಂಚಿನ ಮೇಲೆ ಹೋದೆ. ಸೊಸೆ ಬಿದ್ದು ಬಿದ್ದು ನಕ್ಕಳು. ಎರಡನೆಯ ಸಲ ಕಟ್ಟೆ ಹತ್ತಿದೆ. ಬಾಗಿಲು ದಾಟಿದೆ. ನಾವು ಐವರು ಮಲಗುತ್ತಿದ್ದ ಖೋಲಿ. ಅಂದು ರಸ್ತೆಯಲ್ಲಿ ನಿಂತು ಕೇಳಲಾರದೆ ಬಂದಿದ್ದೆನಲ್ಲ, ಇಲ್ಲಿ ಯಾರನ್ನೂ ಕೇಳಬೇಕಾಗಿರಲಿಲ್ಲ. ಅಡುಗೆಮನೆಗೆ ಬಂದೆ. ಹಿಂದಿನ ಬಾಗಿಲು ಕಂಡಿತು, ಅದರಾಚೆ ಮೆಟ್ಟಿಲು. ಅವಸರದಲ್ಲಿ ಮೌಸನ್ನು ಜೋರಾಗಿ ನೂಕಿದೆ.

ಅದು ಎಲ್ಲಿಗೆ ಹೊರಳಿತೋ, ಒಮ್ಮೆಲೇ ಕತ್ತಲಾಗಿ ಮತ್ತೆ ಬೆಳಕಾಯಿತು. ಅದೇ ಅಡುಗೆಮನೆ, ಅದೇ ಒಲೆ. ಮೌಸು ಮೇಲಕ್ಕೆ ಸರಿಸಿ ಗೋಡೆ ನೋಡಿದೆ. ಬರೀ ಗೋಡೆ.

"ಅಯ್ಯ, ನಾಗಂದಿಗಿ ಎಲ್ಲಿ? ಇದು ನಮ್ಮ ಮನಿ ಅಲ್ಲ!" ಎಂದು ಕೂಗಿದೆ.

"ಗ್ವಾಡ್ಯಾಗಿಂದ ಹಾದು ಕಾಕೂನ ಮನೀಗೆ ಬಂದಿ ಅಜ್ಜಿ! ಅತ್ತಾಗ ಜೋಕಾಲಿ ನೋಡು!" ಮೊಮ್ಮಗಳು ನಗುತ್ತಲೇ ಇದ್ದಳು. ಆಮೇಲೆ ತಟ್ಟನೆ ನಗು ನಿಲ್ಲಿಸಿದಳು. "ಅಜ್ಜಿ, ಈಗ ಏನಂದಿ? ಏನು ಎಲ್ಲಿ ಅಂದಿ?"

"ನಾಗಂದಿಗಿ. ಬರಕೊ, ಮೊದಲ ಬರಕೊ. ಆಮ್ಯಾಲ ಲಗೂನ ನನ್ನ ಹೊರಗ ಕರಕೊಂಡು ಹೋಗು. ಇಲ್ಲೇ ಇದ್ದರ ಈ ಕಾಕು ಊಟಕ್ಕ ನೀಡಿಬಿಡ್ತಾಳ. ಅತ್ತಾಗ ಅವ್ವ ಕಾಯ್ತಿರ್ತಾಳ."